ಲಾಯದಲ್ಲಿ ಉಳಿದ 22 ಕುದುರೆಗಳು

ಕಾರಿನ ಜೊತೆ ಕೊಡುವ ಕೈಪಿಡಿಯನ್ನು ಮೊದಲ ಪುಟದಿಂದ ಓದುವವರು ಊರಿಗೊಬ್ಬರು ಸಿಗಬಹುದು. ನಮ್ಮ ಬಡಾವಣೆಗೆ ಅದು ನಾನೇ. ಆಯುಧಪೂಜೆಯ ದಿನ ಚಕ್ರದಡಿಯ ನಿಂಬೆಹಣ್ಣುಗಳು ಅಪ್ಪಚ್ಚಿಯಾಗಿ, ಬೂದುಗುಂಬಳ ಒಡೆದು, ಕಾರು ಗೇಟಿನೊಳಗೆ ಬಂದು ನಿಂತ ಮೇಲೆ ಕುಂಕುಮ ಹತ್ತಿದ ಕೈಯಲ್ಲೇ ಆ ದಪ್ಪ ಪುಸ್ತಕ ತೆಗೆದೆ. ಹೊಸ ಗಾಡಿಯನ್ನು ಪಳಗಿಸುವ ವಿಚಾರ ಅದರಲ್ಲಿ ಕೆಲವೇ ಸಾಲು. ಮೊದಲ 1000 ಕಿಲೋಮೀಟರ್ ಮುಗಿಯುವ ತನಕ ಎಂಜಿನ್ನನ್ನು ನಿಮಿಷಕ್ಕೆ 2000ದಿಂದ 4000 ಸುತ್ತಿನ ನಡುವೆ ಇರಿಸಬೇಕು, ಸುಮ್ಮನೆ ಅಬ್ಬರಿಸಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬಾರದು, ತುರ್ತಿಲ್ಲದೆ ಗಕ್ಕನೆ ಬ್ರೇಕ್ ಒತ್ತಬಾರದು.

ಓಡುವುದಕ್ಕೆಂದೇ ಮಾಡಿದ ಕಾರು. ಅದನ್ನು ಓಡಿಸಬೇಡ ಎಂದು ಮಾಡಿದವರೇ ಹೇಳುತ್ತಾರೆ. ಎಲೆಯ ಮುಂದೆ ಕೂರಿಸಿ, ಹೋಳಿಗೆ ಬಡಿಸಿ, ತುಪ್ಪ ಬರುವುದು ಮುಂದಿನ ತಿಂಗಳು ಎಂದ ಹಾಗಾಯಿತು.

ಕೊಂಡದ್ದು ಹ್ಯುಂಡೈ ಐ20 ಎನ್ ಲೈನ್. ಆರು ಗೇರಿನದು, ಎಡಗಾಲಿಗೆ ಕ್ಲಚ್ ಇರುವಂಥದ್ದು. 2021ರಲ್ಲಿ ಈ ಕಾರು ಮೊದಲು ಬಂದಾಗ ಕ್ಲಚ್ ಕಾಲಿಗೆ ಕೆಲಸವಿರಲಿಲ್ಲ. ಗೇರು ಕೈಯಲ್ಲಿ ಹಾಕಿದರೂ ಕ್ಲಚ್ಚನ್ನು ಯಂತ್ರವೇ ನೋಡಿಕೊಳ್ಳುವ ಒಂದು ವಿಚಿತ್ರ ಏರ್ಪಾಡು, ಇಲ್ಲವೇ ಪೂರ್ತಿ ಆಟೋಮ್ಯಾಟಿಕ್. 2023ರಲ್ಲಿ ಸರಿಯಾದ ಗೇರ್‌ಬಾಕ್ಸ್ ಬಂತು. ಅಂದಿನಿಂದ ಇದು ನನ್ನ ತಲೆಯೊಳಗೆ ಕೂತಿತ್ತು. ತಲೆಯಿಂದ ಮನೆಗೆ ಇಳಿಯಲು ಎರಡು ವರ್ಷ ಹಿಡಿಯಿತು.

ವಯಸ್ಸು 45. ಮೈಸೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಸಹೋದ್ಯೋಗಿಗಳೆಲ್ಲ ಒಬ್ಬರ ಹಿಂದೊಬ್ಬರು ಎತ್ತರದ ಗಾಡಿಗಳನ್ನು ಕೊಂಡು, ಸ್ಟಾಫ್ ರೂಮಿನ ಮುಂದೆ ಆನೆಗಳ ಹಾಗೆ ಸಾಲಾಗಿ ನಿಲ್ಲಿಸುತ್ತಿರುವ ಕಾಲ. ಹೀಗಿರುವಾಗ ಕೆಂಪು ಹೊಲಿಗೆಯ ಸೀಟು, ಕೆಂಪು ಬ್ರೇಕ್ ಕ್ಯಾಲಿಪರ್, ಹಿಂದೆ ಜೋಡಿ ಹೊಗೆಕೊಳವೆ ಇರುವ ಕುಳ್ಳಗಿನ ಕಾರು ಯಾಕೆ ಎಂದು ಕೇಳದವರಿಲ್ಲ. ಮಗಳು ಮಾತ್ರ ಕೇಳಲಿಲ್ಲ. ಫೋನಿನಲ್ಲಿ ಚಿತ್ರ ನೋಡಿ, "ಅಮ್ಮ, ಇದು ನನ್ನ ವಯಸ್ಸಿನವರ ಕಾರು" ಎಂದಷ್ಟೇ ಹೇಳಿದಳು.

ಷೋರೂಮಿನಲ್ಲಿ ನಡೆದದ್ದನ್ನು ಬರೆಯದಿದ್ದರೆ ನಮ್ಮವರಿಗೆ ಅನ್ಯಾಯವಾಗುತ್ತದೆ. ಅಲ್ಲಿನ ಹುಡುಗ ಮುಕ್ಕಾಲು ಗಂಟೆ ವಿವರಿಸಿದ್ದೆಲ್ಲ ನಮ್ಮವರ ಮುಖ ನೋಡಿಕೊಂಡೇ. ಕೊನೆಗೆ, "ಸರ್, ಆಟೋಮ್ಯಾಟಿಕ್ ತೆಗೆದುಕೊಂಡರೆ ಮೇಡಂ ಅವರಿಗೂ ಓಡಿಸಲು ಸುಲಭ" ಎಂದ. ನಮ್ಮವರು ಲೋಟ ಕೆಳಗಿಟ್ಟು, "ನನಗೆ ಕಾರು ಓಡಿಸಲು ಬರುವುದಿಲ್ಲ ಕಣಪ್ಪ. ನಾನು ಬಂದದ್ದು ನಿಮ್ಮ ಕಾಫಿಗೆ" ಎಂದರು. ಹುಡುಗ ಪಾಪ ಕೆಂಪಗಾಗಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡ. ಆಮೇಲೆ ಚೆನ್ನಾಗಿಯೇ ಮಾತಾಡಿದ, ಅದು ಬೇರೆ ಮಾತು.

ಈ ಜಾತಿಯ ಕಾರಿಗೆ ಹಾಟ್ ಹ್ಯಾಚ್ ಎಂದು ಹೆಸರು. ಅಂಗಡಿ ಸಾಮಾನು ತರುವ, ಮಕ್ಕಳನ್ನು ಶಾಲೆಗೆ ಬಿಡುವ ಸಾಧು ಹ್ಯಾಚ್‌ಬ್ಯಾಕಿಗೆ ಹೆಚ್ಚು ಬಲದ ಎಂಜಿನ್ ಕೂರಿಸಿ, ಮೈ ಬಿಗಿ ಮಾಡಿ ಬಿಟ್ಟರೆ ಆಯಿತು. ಹಾಗೆ ಮಾಡಿದವರು ಮೊದಲೂ ಇದ್ದರು, ಆದರೆ ಹೆಸರು ನಿಂತದ್ದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಗೆ. 1975ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದನ್ನು ಮುಂದಿಟ್ಟಾಗ 5000 ಕಾರು ಮಾರಾಟವಾದರೆ ಸಾಕು ಎಂಬುದು ಲೆಕ್ಕ. ಮರುವರ್ಷ ಬೀದಿಗೆ ಬಂದ ಮೇಲೆ ಆ ಲೆಕ್ಕ ಎಲ್ಲಿ ಹೋಯಿತೋ. 110 ಅಶ್ವಶಕ್ತಿ, ಇವತ್ತು ನನ್ನ ಮನೆ ಮುಂದೆ ನಿಂತಿರುವುದಕ್ಕಿಂತ 10 ಕಡಿಮೆ. ನನಗೆ ಆ ಕಾರಿನಲ್ಲಿ ಇಷ್ಟವಾಗುವುದು ಎಂಜಿನ್ ಅಲ್ಲ. ಅದರ ಚೌಕುಳಿ ಬಟ್ಟೆಯ ಸೀಟು, ಗಾಲ್ಫ್ ಚೆಂಡಿನ ಹಾಗಿರುವ ಗೇರಿನ ಗುಂಡು. ಎರಡೂ ಗುನ್ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ಹೆಂಗಸಿನ ಕಲ್ಪನೆ. ಪಿಂಗಾಣಿಯ ಮೇಲೆ ಚಿತ್ರ ಬಿಡಿಸುವುದನ್ನು ಕಲಿತಿದ್ದವರು, ಕಾರಿನ ಕಂಪನಿಯಲ್ಲಿ ಬಣ್ಣ ಮತ್ತು ಬಟ್ಟೆಯ ವಿಭಾಗದಲ್ಲಿದ್ದರು. ಗಂಡಸರ ಆಟಿಕೆ ಎಂದು ಐವತ್ತು ವರ್ಷದಿಂದ ಮೀಸೆ ತಿರುವುತ್ತಿರುವ ಕಾರಿನಲ್ಲಿ ಕೈಗೆ ಮೊದಲು ಸಿಗುವುದೂ ಬೆನ್ನಿಗೆ ಮೊದಲು ತಾಗುವುದೂ ಅವರು ಆರಿಸಿದ್ದೇ. ಷೋರೂಮಿನ ಹುಡುಗನಿಗೆ ಹೇಳಬೇಕೆಂದಿದ್ದೆ, ಮರೆತೆ.

ನಮ್ಮ ದೇಶದಲ್ಲಿ ಈ ಜಾತಿ ಬೇರು ಬಿಡಲೇ ಇಲ್ಲ. 1.6 ಲೀಟರಿನ ಫಿಯಟ್ ಪಾಲಿಯೊ ಬಂತು, ಹೋಯಿತು. 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, ಬಲೆನೊ ಆರ್‌ಎಸ್, ಟಿಯಾಗೊ ಜೆಟಿಪಿ, ಎಲ್ಲ ಬಂದವು, ಹೋದವು. 2016ರಲ್ಲಿ ಎರಡೇ ಪಕ್ಕದ ಬಾಗಿಲಿನ ಪೋಲೊ ಜಿಟಿಐ 26 ಲಕ್ಷಕ್ಕೆ ಬಂದಾಗ ಆ ದುಡ್ಡಿಗೆ ನಿವೇಶನ ಬರುತ್ತದೆ ಎಂದು ನಾನೇ ಹೇಳಿದ್ದೆ. 2025ರ ಮೇ ತಿಂಗಳಲ್ಲಿ ಗಾಲ್ಫ್ ಜಿಟಿಐ ಕೂಡ ಬಂತು, 53 ಲಕ್ಷಕ್ಕೆ. ಅದರ ಬಗ್ಗೆ ನನ್ನ ಬಳಿ ಮಾತಿಲ್ಲ.

ಐ20ಯಲ್ಲೂ ಒಂದು ನಿಜವಾದ ಬೆಂಕಿ ಚೆಂಡು ಇತ್ತು. ಯುರೋಪಿನಲ್ಲಿ ಮಾರಿದ ಐ20 ಎನ್: 1.6 ಲೀಟರ್ ಟರ್ಬೊ, 204 ಅಶ್ವಶಕ್ತಿ, ನಿಂತಲ್ಲಿಂದ ನೂರಕ್ಕೆ 6.2 ಸೆಕೆಂಡ್. ಅದು ನಮಗಿಲ್ಲ. ನಮಗೆ ಬಂದದ್ದು ಹೆಸರಿನಲ್ಲಿ 'ಲೈನ್' ಎಂಬ ಬಾಲ ಇರುವ ತಮ್ಮ. ಇದರ ಉದ್ದ 3995 ಮಿಲಿಮೀಟರ್. ನಾಲ್ಕು ಮೀಟರಿಗೆ ಐದೇ ಮಿಲಿಮೀಟರ್ ಕಡಿಮೆ. ಒಂದು ಕಾಫಿಬೀಜದ ಅಗಲವೂ ಇಲ್ಲ. ಎಂಜಿನ್ 998 ಸಿಸಿ. ಪೆಟ್ರೋಲ್ ಕಾರು ನಾಲ್ಕು ಮೀಟರಿನ ಒಳಗಿದ್ದು 1200 ಸಿಸಿ ಮೀರದಿದ್ದರೆ ಮಾತ್ರ ಕಡಿಮೆ ತೆರಿಗೆ ಎಂಬುದು ನಮ್ಮಲ್ಲಿನ ಕಾನೂನು, ಹಾಗಾಗಿ ಈ ಕಾರಿನ ಮೈಯಳತೆ ತೆಗೆದ ದರ್ಜಿ ತೆರಿಗೆ ಇಲಾಖೆಯವನೇ. 2025ರ ಸೆಪ್ಟೆಂಬರ್ 22ರಂದು ಇಂಥ ಕಾರುಗಳ ಮೇಲಿನ ತೆರಿಗೆ ಸೆಸ್ಸೂ ಸೇರಿ 29ರಿಂದ ಶೇಕಡಾ 18ಕ್ಕೆ ಇಳಿಯಿತು. ನನ್ನ ಎರಡು ವರ್ಷದ ಮೀನಮೇಷಕ್ಕೆ ಅಂದೇ ಮುಕ್ತಿ. ಇಳಿದ ದುಡ್ಡಿನಲ್ಲಿ ಒಂದಷ್ಟನ್ನು ಕರ್ನಾಟಕದ ಜೀವಿತಾವಧಿ ತೆರಿಗೆ ವಾಪಸು ತೆಗೆದುಕೊಂಡಿತು, ಅದನ್ನು ಬರೆದು ಹೊಟ್ಟೆ ಉರಿಸಿಕೊಳ್ಳುವುದಿಲ್ಲ.

ತಿಳಿದವರು ಇದನ್ನು ಹಾಟ್ ಹ್ಯಾಚ್ ಎಂದು ಒಪ್ಪುವುದಿಲ್ಲ, ವಾರ್ಮ್ ಹ್ಯಾಚ್ ಎನ್ನುತ್ತಾರೆ. ಉಗುರುಬೆಚ್ಚಗಿನದು. ಕಾಫಿ ಸೀಮೆಯಲ್ಲಿ ಹುಟ್ಟಿದವಳಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.

ದಸರಾ ರಜೆ ಮುಗಿದು ಕಾಲೇಜು ಶುರುವಾದ ಮೊದಲ ವಾರ, ತಿರುಗುವ ಕಾಯಗಳ ಪಾಠದಲ್ಲಿ ಹುಡುಗರಿಗೆ ಒಂದು ಲೆಕ್ಕ ಕೊಟ್ಟೆ. ಒಂದು ಎಂಜಿನ್ ನಿಮಿಷಕ್ಕೆ 1500 ಸುತ್ತಿನಿಂದ 4000 ಸುತ್ತಿನ ತನಕ ಒಂದೇ ಸಮನೆ 172 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. 6000 ಸುತ್ತಿನಲ್ಲಿ ಅದರ ಸಾಮರ್ಥ್ಯ 120 ಅಶ್ವಶಕ್ತಿ. ಹಾಗಾದರೆ 4000 ಸುತ್ತಿನಲ್ಲಿ ಎಷ್ಟು?

ಸಾಮರ್ಥ್ಯ ಎಂದರೆ ಟಾರ್ಕ್ ಗುಣಿಸು ಸುತ್ತಿನ ವೇಗ. 4000 ಸುತ್ತು ಎಂದರೆ ಸೆಕೆಂಡಿಗೆ 419 ರೇಡಿಯನ್. ಗುಣಿಸಿದರೆ 72 ಕಿಲೋವ್ಯಾಟ್. ಅಶ್ವಶಕ್ತಿಗೆ ಬದಲಿಸುವಾಗ ಎಂದಿನಂತೆ ಗಲಾಟೆಯಾಯಿತು, ಏಕೆಂದರೆ ಕುದುರೆಗಳಲ್ಲಿ ಎರಡು ತಳಿಗಳಿವೆ. ಇಂಗ್ಲಿಷ್ ಕುದುರೆ 746 ವ್ಯಾಟಿನದು, ಕಾರಿನವರು ಬಳಸುವ ಜರ್ಮನ್ ಕುದುರೆ 735.5. ಸ್ವಲ್ಪ ಬಡಕಲು, ಅದಕ್ಕೇ ಜಾಹೀರಾತಿನಲ್ಲಿ ಅದನ್ನೇ ಎಣಿಸುತ್ತಾರೆ, ಲೆಕ್ಕಕ್ಕೆ ಒಂದೆರಡು ಹೆಚ್ಚು ಸಿಗುತ್ತವೆ. ಅದರಲ್ಲಿ ಭಾಗಿಸಿದರೆ ಉತ್ತರ 98.

ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ ಕಾರು ಯಾವುದೆಂದು ಗೊತ್ತಾಗಿಹೋಗಿತ್ತು. ಎದ್ದು ನಿಂತು, "ಮೇಡಂ, ಮಿಕ್ಕ 22 ಎಲ್ಲಿವೆ?" ಎಂದ.

"ಲಾಯದಲ್ಲಿ ಕಟ್ಟಿದ್ದೇನೆ. 1000 ಕಿಲೋಮೀಟರ್ ಆದ ಮೇಲೆ ಬಿಚ್ಚುತ್ತೇನೆ."

ತಮಾಷೆಗೆ ಹೇಳಿದ್ದು. ಮನೆಗೆ ಬರುವಾಗ ಅದೇ ತಲೆಯಲ್ಲಿ ತಿರುಗತೊಡಗಿತು. ಕೈಪಿಡಿಯ ಗೆರೆ ಮತ್ತು ಎಂಜಿನ್ನಿನ ಟಾರ್ಕ್ ಸಮತಟ್ಟಾಗಿರುವ ಜಾಗ ಎರಡೂ ಕೊನೆಯಾಗುವುದು 4000ದಲ್ಲೇ. ಅಂದರೆ ನನಗೆ ತಡೆ ಹಾಕಿದ್ದು ಬಲಕ್ಕಲ್ಲ. ಬೆನ್ನನ್ನು ಸೀಟಿಗೆ ಒತ್ತುವ ನೂಕುಬಲ ಪೂರ್ತಿ ನನ್ನದಾಗಿಯೇ ಇದೆ. 4000ದ ಆಚೆ ಟಾರ್ಕ್ ಇಳಿಯುತ್ತದೆ. 6000ದಲ್ಲಿ ಅದು 140ರ ಹತ್ತಿರ ಎಂದು ಅದೇ ಸೂತ್ರ ಹೇಳುತ್ತದೆ. ಬಲ ಕುಗ್ಗುತ್ತಾ ಹೋದರೂ ಸುತ್ತು ಏರುವುದರಿಂದ ಗುಣಲಬ್ಧ ಏರುತ್ತದೆ. ಆ 22 ಕುದುರೆಗಳು ಸೇರಿಕೊಳ್ಳುವುದು ಹಾಗೆ, ಎಳೆತ ಸೋಲುತ್ತಿರುವ ಹೊತ್ತಿನಲ್ಲಿ. ಹಾಗಾದರೆ ಅವು ಬಂದು ಮಾಡುವುದೇನು? ಕಾಗದದ ಮೇಲೆ ಇದಕ್ಕೆ ಉತ್ತರ ಸಿಗಲಿಲ್ಲ.

ಮೈಸೂರಿನಲ್ಲಿ ಇದ್ದವರಿಗೆ ಪಳಗಿಸುವುದು ಹೊಸ ಮಾತಲ್ಲ. ದಸರೆಗೆ ಮುಂಚೆ ಆನೆಗಳನ್ನೂ ಪೊಲೀಸರ ಅಶ್ವದಳದ ಕುದುರೆಗಳನ್ನೂ ನಿಲ್ಲಿಸಿ ಪಿರಂಗಿ ಸಿಡಿಸುತ್ತಾರೆ, ಜಂಬೂಸವಾರಿಯ ದಿನ ಸದ್ದಿಗೆ ಬೆದರದಿರಲಿ ಎಂದು. ನನ್ನ ಮನೆಯಲ್ಲಿ ಮಾತ್ರ ಕುದುರೆಗೆ ಕುಶಾಲತೋಪು ಇಲ್ಲ. ಇಲ್ಲಿ ಪಳಗಿದವಳು ಸವಾರಳೇ.

ಮೊದಲ ದಿನಗಳಲ್ಲಿ ನನ್ನ ಕಣ್ಣು ರಸ್ತೆಗಿಂತ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳಿನ ಮೇಲೆ ಹೆಚ್ಚಿತ್ತು. ಕಡಿಮೆ ಸುತ್ತಿನಲ್ಲಿ ಓಡಿಸಿದರೆ ಕಾರಿನ ಗುಣ ಒಂದೊಂದಾಗಿ ಹೊರಗೆ ಬರುತ್ತದೆ, ಗದ್ದಲ ಮುಗಿದ ಮೇಲೆ ಮನೆಯ ಗಡಿಯಾರದ ಸದ್ದು ಕೇಳಿಸುವ ಹಾಗೆ. ಕ್ಲಚ್ ಹಗುರ. ಗೇರು ಎರಡರಿಂದ ಮೂರಕ್ಕೆ ಜಾರುವಾಗ ಕೈಗೆ ಏನೂ ಗೊತ್ತಾಗುವುದಿಲ್ಲ. ಒಂದರಿಂದ ಎರಡಕ್ಕೆ ಹಾಕುವಾಗ ಮಾತ್ರ ತುಸು ಅಳೆದು ಹಾಕಬೇಕು. ಸ್ಟೀರಿಂಗ್ ಮಾಮೂಲು ಐ20ಗಿಂತ ಭಾರ. ಸಂತೆಪೇಟೆಯ ಇಕ್ಕಟ್ಟಿನಲ್ಲಿ ಅದು ಬೇಡವೆನಿಸುತ್ತದೆ, ವರ್ತುಲ ರಸ್ತೆಗೆ ಬಂದೊಡನೆ ಇನ್ನೂ ಸ್ವಲ್ಪ ಭಾರವಿದ್ದರೂ ನಡೆಯುತ್ತಿತ್ತು ಅನ್ನಿಸುತ್ತದೆ. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್. ಗಕ್ಕನೆ ಒತ್ತಬಾರದು ಎಂದಿದ್ದರಿಂದ ಅವುಗಳ ಬಗ್ಗೆ ಸದ್ಯಕ್ಕೆ ಇಷ್ಟೇ.

ಟರ್ಬೊಗೆ ಸ್ವಲ್ಪ ಮುಂಗೋಪ ಇದೆ, ಅಥವಾ ನಿದ್ದೆಗಣ್ಣು. ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಆ ಚಕ್ರ ಇನ್ನಷ್ಟು ಗಾಳಿಯನ್ನು ಒಳಗೆ ತುರುಕುವ ಕಿತಾಪತಿ ಅದು. ಒಲೆಯ ಹೊಗೆಯಿಂದಲೇ ತಿದಿ ಒತ್ತಿಸಿದ ಹಾಗೆ. ಹೊಗೆ ಸಾಕಷ್ಟು ಇಲ್ಲದಿದ್ದರೆ ತಿದಿ ಆಡುವುದಿಲ್ಲ. 1500ರ ಕೆಳಗೆ ಇದು ಒಂದು ಲೀಟರಿನ ಬಡ ಮೂರು ಸಿಲಿಂಡರ್ ಅಷ್ಟೇ. ಹಂಪ್ ಇಳಿಸಿ ಎರಡನೆಯ ಗೇರಿನಲ್ಲೇ ಎಳೆಯಲು ಹೋದರೆ, ಬೆಳಿಗ್ಗೆ ಐದಕ್ಕೆ ಎಬ್ಬಿಸಿದ ಮಗಳ ಹಾಗೆ 'ಹೂಂ' ಎಂದು ಅಲ್ಲೇ ಮಲಗುತ್ತದೆ. ಆಮೇಲೆ ಎದ್ದದ್ದು ಎಂದರೆ ನಾವು ಹಿಡಿದುಕೊಳ್ಳಬೇಕು. 1800ರ ಹೊತ್ತಿಗೆ ಬೆನ್ನ ಹಿಂದಿನಿಂದ ಯಾರೋ ಗಟ್ಟಿಯಾಗಿ ನೂಕಿದ ಹಾಗೆ. ಈ ನೂಕು ನನಗೆ ಬಹಳ ಹಿಡಿಸಿತು. ಲಾರಿಯೊಂದನ್ನು ಹಿಂದೆ ಹಾಕಲು ಹಳೆಯ ಕಾರಿನಲ್ಲಿ ಗೇರು ಇಳಿಸಿ, ದೇವರನ್ನು ನೆನೆದು, ಎಸಿ ಆರಿಸಿ ಹೊರಡುತ್ತಿದ್ದೆ. ಇದರಲ್ಲಿ ಹೆಬ್ಬೆರಳು ಒಂಚೂರು ಬಾಗಿಸಿದರೆ ಲಾರಿ ಕನ್ನಡಿಯೊಳಗೆ ಹೋಗುತ್ತದೆ.

"ಎಷ್ಟು ಕೊಡುತ್ತದೆ?" ಎಂದು ಕೇಳುವವರಿಗೆ: ಮೈಸೂರಿನೊಳಗೆ 13, ಹೆದ್ದಾರಿಯಲ್ಲಿ 17 ಚಿಲ್ಲರೆ. ಅದೂ ಕೈಪಿಡಿಗೆ ಹೆದರಿ ಓಡಿಸಿದಾಗ.

ದೀಪಾವಳಿಗೆ ಊರಿಗೆ ಹೊರಟಾಗ ಓಡೋಮೀಟರ್ 212 ತೋರಿಸುತ್ತಿತ್ತು. ನಮ್ಮ ಊರು ಮೂಡಿಗೆರೆಯ ಕಡೆ. ಇಲವಾಲ, ಬಿಳಿಕೆರೆ, ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನ, ಸಕಲೇಶಪುರ. ಅಲ್ಲಿಂದ ಬಲಕ್ಕೆ ಒಳರಸ್ತೆ. ಈ ದಾರಿಯಲ್ಲಿ ಹಂಪುಗಳನ್ನು ಎಣಿಸಬೇಕೆಂದುಕೊಂಡು ಹೊರಟವಳು ಕೃಷ್ಣರಾಜನಗರ ದಾಟುವ ಮುಂಚೆಯೇ ಕೈಚೆಲ್ಲಿದೆ. ಈ ಕಾರು ರಸ್ತೆಯನ್ನು ಮುಚ್ಚಿಡುವುದಿಲ್ಲ. 16 ಇಂಚಿನ ಚಕ್ರ, ಬಿಗಿ ಮಾಡಿದ ಸಸ್ಪೆನ್ಷನ್. ಡಾಂಬರಿನಲ್ಲಿ ತೇಪೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದನ್ನು ಕುರ್ಚಿಯಲ್ಲಿ ಕೂತಲ್ಲೇ ಹೇಳಬಹುದು. ನಮ್ಮವರು ಹಿಂದಿನ ಸೀಟಿನಲ್ಲಿ ಅರ್ಧ ಮಲಗಿದ್ದವರು ಎದ್ದು, "ಇದಕ್ಕೆ ಹೆಚ್ಚು ದುಡ್ಡು ಕೊಟ್ಟದ್ದು ಇಷ್ಟೊಂದು ಗೊತ್ತಾಗಲಿ ಅಂತಲೋ?" ಎಂದರು. ಹೌದು ಎಂದೆ. ಜಗಳಕ್ಕಲ್ಲ, ನಿಜಕ್ಕೂ ಹೌದು. ವೇಗ 60 ದಾಟಿದ ಮೇಲೆ ಅದೇ ಬಿಗಿ ಬೇರೆಯೇ ಆಗುತ್ತದೆ. ತಿರುವಿನಲ್ಲಿ ಮೈ ವಾಲುವುದಿಲ್ಲ, ಉಬ್ಬಿನ ಮೇಲಿಂದ ಇಳಿದ ಕಾರು ಎರಡನೆಯ ಸಲ ಕುಣಿಯುವುದಿಲ್ಲ. ಹಾಸನದ ತನಕ ಬೈದುಕೊಂಡು ಬಂದ ನಮ್ಮವರು ಸಕಲೇಶಪುರದ ತಿರುವುಗಳಲ್ಲಿ ಎಂದಿನಂತೆ ನಿಂಬೆಹಣ್ಣು ಮೂಸಲಿಲ್ಲ. ಅವರಿಗೆ ಅದು ಗೊತ್ತಾಗಲಿಲ್ಲ, ನಾನೂ ಹೇಳಿಲ್ಲ.

ಅಮ್ಮ ಅಂಗಳದಲ್ಲೇ ನಿಂತಿದ್ದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಹಿಂದುಗಡೆ ನಿಂತು, "ಎರಡು ಕೊಳವೆ ಯಾಕೆ ಪುಟ್ಟೀ? ಒಂದು ಸಾಲುತ್ತಿರಲಿಲ್ಲವೇ?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅವರೇ ಮುಂದುವರಿಸಿದರು. "ನಿನ್ನ ಅಪ್ಪನ ಯೆಜ್ಡಿಗೂ ಎರಡಿದ್ದವು. ಒಂದರಲ್ಲಿ ಹೊಗೆ, ಇನ್ನೊಂದರಲ್ಲಿ ಸದ್ದು."

ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಯೆಜ್ಡಿ ಆಗ ಮೈಸೂರಿನಲ್ಲೇ ಹುಟ್ಟುತ್ತಿದ್ದ ಮೋಟಾರ್‌ಸೈಕಲ್. ಒಂದೇ ಸಿಲಿಂಡರ್, ಸೈಲೆನ್ಸರ್ ಮಾತ್ರ ಎರಡು; ಅಮ್ಮನ ಪ್ರಶ್ನೆಗೆ ಆಗಲೂ ಉತ್ತರ ಇರಲಿಲ್ಲ. ನಾನು ಮೂರನೆಯ ತರಗತಿಯಲ್ಲಿದ್ದಾಗ ಅಪ್ಪ ಅದರ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಕಾರುಗಳ ರ್ಯಾಲಿ ತೋರಿಸಲು ಕರೆದುಕೊಂಡು ಹೋಗಿದ್ದರು. ಚಿಕ್ಕಮಗಳೂರು ಸೀಮೆಗೆ ರ್ಯಾಲಿ ಹೊಸದಲ್ಲ. ಮುಂದೆ ಏಷ್ಯಾ ಪೆಸಿಫಿಕ್ ಮಟ್ಟದ ಪಂದ್ಯವೂ ಈ ತೋಟದ ರಸ್ತೆಗಳಿಗೇ ಬಂತು. ಅವತ್ತು ನಾನು ನೋಡಿದ್ದು ಬಹಳ ಸ್ವಲ್ಪ. ಸಿಲ್ವರ್ ಓಕ್ ಮರಗಳ ನಡುವಿನಿಂದ ಒಂದು ಮಾರುತಿ ಜಿಪ್ಸಿ ಅಡ್ಡಡ್ಡಲಾಗಿ ಬಂತು, ಮುಖ ಒಂದು ಕಡೆ, ಹೋಗುತ್ತಿರುವುದು ಇನ್ನೊಂದು ಕಡೆ. ನನ್ನ ಬಿಳಿ ರಿಬ್ಬನ್ನಿನ ಮೇಲೆ ಕೆಂಪು ಕೆಸರು ಎರಚಿ ಹೋಯಿತು. ಅಷ್ಟೇ. ಸದ್ದು ಮಾತ್ರ ಗುಡ್ಡ ಇಳಿದು ಹೋದಮೇಲೂ ಬಹಳ ಹೊತ್ತು ಕೇಳಿಸುತ್ತಿತ್ತು, ಏರಿ, ಗೇರಿಗೊಮ್ಮೆ ಕಡಿದು, ಮತ್ತೆ ಏರಿ. ರಿಬ್ಬನ್ನನ್ನು ಅಮ್ಮ ನಾಲ್ಕು ಸಲ ಒಗೆದರೂ ಕಲೆ ಹೋಗಲಿಲ್ಲ ಎಂದು ಅಪ್ಪನಿಗೆ ವರ್ಷಗಟ್ಟಲೆ ಬೈಸಿಕೊಳ್ಳುವುದಿತ್ತು.

ಹಬ್ಬ ಮುಗಿಸಿ ಅಮ್ಮನನ್ನೂ ಮೈಸೂರಿಗೆ ಕರೆತಂದೆ, ಕಣ್ಣಿನ ಪೊರೆ ತೋರಿಸಲಿಕ್ಕೆ. ಮುಂದಿನ ಸೀಟು ಅವರದು. "ಇದು ಕೂರುವ ಕಾರೋ, ಇಳಿಯುವ ಬಾವಿಯೋ" ಎಂದುಕೊಂಡು ಹತ್ತಿದರು, ಅಂದರೆ ಇಳಿದರು. ಕೂತ ಮೇಲೆ ಪಕ್ಕೆಗಳನ್ನು ಹಿಡಿದುಕೊಳ್ಳುವ ಸೀಟು ಅವರಿಗೆ ಸರಿಹೋಯಿತು. ಬಸ್ಸಿನಲ್ಲಿ ಈ ಅನುಕೂಲ ಇಲ್ಲ ಎಂದರು.

ಅದಾದ ಎರಡನೆಯ ವಾರ ಕಾರಿನಲ್ಲಿ ಒಂದು ಸದ್ದು ಶುರುವಾಯಿತು. ಟಿರ್‌ರ್ ಎಂದು, ಜೀರುಂಡೆಯ ಹಾಗೆ. ಹೊಸ ಕಾರಿನಲ್ಲಿ ಸದ್ದು ಬಂದರೆ ಆಗುವ ಸಂಕಟ ಹೊಸ ಸೀರೆಗೆ ಎಣ್ಣೆ ಬಿದ್ದಾಗಿನದಕ್ಕಿಂತ ದೊಡ್ಡದು. ಎಲ್ಲ ಹೊತ್ತಿನಲ್ಲೂ ಬರುತ್ತಿರಲಿಲ್ಲ, ಮುಳ್ಳು 2800ರ ಹತ್ತಿರ ಬಂದಾಗ ಮಾತ್ರ. 3000 ದಾಟಿದರೆ ಮಾಯ. ಮೂರು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಒಂದೂವರೆ ಸಲ ಸಿಡಿಯುತ್ತದೆ. 2800 ಸುತ್ತು ಎಂದರೆ ಸೆಕೆಂಡಿಗೆ 70 ಸಿಡಿತ. ಅಂದರೆ ಕಾರಿನೊಳಗೆ ಎಲ್ಲೋ 70 ಹರ್ಟ್ಸಿಗೆ ತಾಳ ಹಾಕುವ ವಸ್ತು ಇದೆ. ತರಗತಿಯಲ್ಲಿ ಅನುರಣನವನ್ನು ಇಪ್ಪತ್ತು ವರ್ಷದಿಂದ ಶ್ರುತಿಕವೆ ಹಿಡಿದು ಪಾಠ ಮಾಡಿದವಳು ಭಾನುವಾರ ಇಡೀ ಡ್ಯಾಷ್‌ಬೋರ್ಡಿಗೆ ಕಿವಿ ಕೊಟ್ಟು ಕೂತೆ. ನಮ್ಮವರನ್ನು ಆಕ್ಸಿಲರೇಟರಿನ ಮೇಲೆ ಕಾಲಿಡಲು ಕೂರಿಸಿದೆ. ಓಡಿಸಲು ಬಾರದವರು ಎಷ್ಟು ನಯವಾಗಿ 2800ರಲ್ಲಿ ಹಿಡಿದರೆಂದರೆ ನನಗೇ ಹೊಟ್ಟೆಕಿಚ್ಚಾಯಿತು. ಗ್ಲೋವ್‌ಬಾಕ್ಸ್ ಅಲ್ಲ. ಸ್ಪೀಕರ್ ಅಲ್ಲ. ಸೀಟ್‌ಬೆಲ್ಟಿನ ಕೊಂಡಿಯೂ ಅಲ್ಲ. ಷೋರೂಮಿಗೆ ದೂರು ಬರೆಯಲು ಫೋನ್ ತೆಗೆದಾಗ ಅಮ್ಮ ಹೊರಗೆ ಬಂದು, "ನನ್ನ ಸುಣ್ಣದ ಡಬ್ಬಿ ಕಂಡಿರಾ? ಊರಿಂದ ಬಂದಾಗಿನಿಂದ ಹುಡುಕುತ್ತಿದ್ದೇನೆ" ಎಂದು ಕೇಳಿದರು.

ಎಡಬಾಗಿಲಿನ ಚೀಲದ ತಳದಲ್ಲಿತ್ತು. ಹಿತ್ತಾಳೆಯದು, ಹೆಬ್ಬೆರಳಿನಷ್ಟು, ಮುಚ್ಚಳ ಸಡಿಲ.

ನವೆಂಬರ್ ನಡುವಿನಲ್ಲಿ ಅಮ್ಮ ಹೊರಟು ನಿಂತರು. ಅರೇಬಿಕಾ ಹಣ್ಣಾಗಿದೆ, ಕುಯ್ಲಿಗೆ ಆಳು ಸಿಗುವುದೇ ಕಷ್ಟ, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಂದವರೂ ಬೇರೆ ತೋಟಕ್ಕೆ ಹೋಗುತ್ತಾರೆ. ನಮ್ಮವರಿಗೆ ಕೆಲಸವಿತ್ತು. ಅಮ್ಮ ಮತ್ತು ನಾನು, ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟಾಗ 846.

ಹಾಸನ ದಾಟಿ, ಪಾಳ್ಯ ದಾಟಿ, ಸಕಲೇಶಪುರದ ಸೇತುವೆಗೆ ಸ್ವಲ್ಪ ಮುಂಚೆ 999 ಹೋಗಿ 1000 ಬಂತು. ಕಾರು ನಿಲ್ಲಿಸಿ ಒಂದು ಫೋಟೊ ತೆಗೆದೆ. ಅಮ್ಮ ಏನೆಂದು ಕೇಳಿದರು. ಸಾವಿರ ಆಯಿತು ಎಂದೆ. "ಅಷ್ಟೇ ದುಡ್ಡು ಕೇಳಿದನೇ ಟೋಲಿನವನು?" ಎಂದರು. ಅಲ್ಲ ಎಂದು ವಿವರಿಸಲು ಹೋಗಲಿಲ್ಲ.

ಪೇಟೆಯಲ್ಲಿ ಇಡ್ಲಿ ತಿಂದು ಮೂಡಿಗೆರೆಯ ರಸ್ತೆಗೆ ತಿರುಗಿದೆವು. ಹಾನುಬಾಳು ಕಳೆದ ಮೇಲೆ ಮಂಜು ಪೂರ್ತಿ ಎದ್ದಿತ್ತು. ಎರಡೂ ಕಡೆ ತೋಟ, ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಒಣಗಿದ ಡಾಂಬರು. ಒಂದು ತಿರುವು ಮುಗಿದು ಮುಂದೆ ನೇರ ದಾರಿ ಸಿಕ್ಕಿತು. ಜನ ಇಲ್ಲ, ದನ ಇಲ್ಲ, ಎದುರಿಗೆ ಬಸ್ಸೂ ಇಲ್ಲ. ಅಮ್ಮ ತೊಡೆಯ ಮೇಲೆ ಎಲೆ ಹರಡಿಕೊಂಡು ತೊಟ್ಟು ಮುರಿಯುತ್ತಿದ್ದರು. ಎರಡನೆಯ ಗೇರಿನಲ್ಲಿದ್ದೆ. ಒತ್ತಿದೆ.

2000, 3000, ಇವು ನನಗೆ ಗೊತ್ತಿರುವ ಊರುಗಳೇ. ನೂಕು, ಮೂರು ಸಿಲಿಂಡರಿನ ಗೊರಗೊರ. 4000 ಬಂದಾಗ ಒಂದೂವರೆ ತಿಂಗಳ ಅಭ್ಯಾಸದಿಂದ ಕಾಲು ತಾನಾಗಿ ಸಡಿಲವಾಯಿತು. ಮತ್ತೆ ಒತ್ತಿದೆ. ಲೆಕ್ಕ ಹೇಳಿದ ಹಾಗೆಯೇ, ನೂಕು ಹೆಚ್ಚಲಿಲ್ಲ. ಹೆಚ್ಚಿದ್ದು ಸದ್ದು. ಗೊರಗೊರ ಹೋಗಿ ಅದಕ್ಕೊಂದು ಸ್ವರ ಬಂತು, 4500ರಲ್ಲಿ ತೆರೆದುಕೊಂಡು, 5000ದಲ್ಲಿ ಗಟ್ಟಿಯಾಗಿ, 5500 ದಾಟಿ ಏರುತ್ತಾ ಮರಗಳ ಸಾಲಿಗೆ ತಾಗಿ ವಾಪಸು ಬರತೊಡಗಿತು. ಗಂಟೆಗೆ 80 ಆಗುವ ಮುಂಚೆ ಮೂರನೆಯದಕ್ಕೆ ಹಾಕಿದೆ. ಸದ್ದು ಕಡಿಯಿತು, ಮತ್ತೆ ಏರಿತು. ಎಲ್ಲ ಸೇರಿ ಐದಾರು ಸೆಕೆಂಡ್ ಇರಬಹುದು. ಕಾಲು ತೆಗೆದೆ.

ಕಾರಿನೊಳಗೆ ಮಾತಿಲ್ಲ. ಓರೆಗಣ್ಣಿನಲ್ಲಿ ನೋಡಿದೆ. ಅಮ್ಮನ ಸೆರಗಿನ ಮೇಲೆ ಅಡಿಕೆ ಚೂರು, ಸೀಟಿನ ಕೆಂಪು ಹೊಲಿಗೆಯ ಮೇಲೆ ಒಂದು ಗೆರೆ ಸುಣ್ಣ. ಅವರು ಒಂದೊಂದೇ ಚೂರನ್ನು ಹೆಕ್ಕಿ ಡಬ್ಬಿಗೆ ಹಾಕಿಕೊಂಡರು. ಆಮೇಲೆ ರಸ್ತೆಯನ್ನೇ ನೋಡುತ್ತಾ ಹೇಳಿದರು: "ಇನ್ನೊಮ್ಮೆ ಹೀಗೆ ಮಾಡುವ ಮುಂಚೆ ಬಾಯಿ ಬಿಟ್ಟು ಹೇಳು. ಮುಚ್ಚಳ ಹಾಕಿಕೊಳ್ಳುತ್ತೇನೆ."

ಎರಡು ತಿರುವು ಸುಮ್ಮನೆ ಹೋದೆ. ಮೂರನೆಯದರ ಆಚೆ ರಸ್ತೆ ಮತ್ತೆ ನೇರವಾಯಿತು.

"ಅಮ್ಮ, ಡಬ್ಬಿ."

ಹಿತ್ತಾಳೆಯ ಮುಚ್ಚಳ ಟಕ್ ಎಂದಿತು.